ಅಪು ಕೊಳಕ್ಕೆ ಎಸೆದ ಸರ: ‘ಪಥೇರ್ ಪಾಂಚಾಲಿ’ ಮತ್ತು ಬಡತನದ ರಫ್ತು

ಕೆಲವು ವರ್ಷಗಳ ಹಿಂದೆ ನಮ್ಮದೊಂದು ಕಥೆ ಪ್ರಕಟವಾದಾಗ ಮೊಹಲ್ಲಾದ ಹಿರಿಯರೊಬ್ಬರು ಅದನ್ನು ಮೊಮ್ಮಗನಿಂದ ಓದಿಸಿ ಕೇಳಿ, ನಮ್ಮನ್ನು ಮನೆಗೆ ಕರೆಸಿದರು. ಈದಿನ ಹಿಂದಿನ ಸಂಜೆ ಫಿತ್ರ್ ಝಕಾತಿನ ಅಕ್ಕಿಗಾಗಿ ಮಗಳನ್ನು ಮನೆಮನೆಗೆ ಕಳಿಸುವ ಒಬ್ಬ ತಾಯಿಯ ಕಥೆ ಅದು. ಹಿರಿಯರು ಸಿಟ್ಟಾಗಿರಲಿಲ್ಲ. ಚಹಾ ತರಿಸಿದರು, ಮನೆಯವರ ಆರೋಗ್ಯ ವಿಚಾರಿಸಿದರು. ಆಮೇಲೆ ಮೆಲ್ಲಗೆ, “ಬೇಟಾ, ನೀನು ಬರೆದದ್ದು ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಇದನ್ನ ಕನ್ನಡದಲ್ಲಿ ಯಾಕೆ ಬರೆದೆ? ಉರ್ದುವಿನಲ್ಲಿ ಬರೆದಿದ್ದರೆ ನಮ್ಮೊಳಗೇ ಇರ್ತಿತ್ತಲ್ಲ” ಎಂದರು.

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಕನ್ನಡ ಶಾಲೆಯಲ್ಲಿ ಓದು ಮುಂದುವರಿಸಿದ ನಮ್ಮಂಥವರಿಗೆ ಯಾವುದು ‘ಒಳಗೆ’, ಯಾವುದು ‘ಹೊರಗೆ’ ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಆದರೆ ಹಿರಿಯರ ಪ್ರಶ್ನೆ ಹೊಸದಲ್ಲ. ಅದನ್ನು ಈ ದೇಶದ ಅತ್ಯಂತ ಪ್ರಸಿದ್ಧ ಚಲನಚಿತ್ರವೊಂದಕ್ಕೆ, ಅತ್ಯಂತ ಪ್ರಸಿದ್ಧ ನಟಿಯೊಬ್ಬರು ಕೇಳಿದ್ದರು. 1980ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ನರ್ಗಿಸ್ ದತ್, ಸತ್ಯಜಿತ್ ರೇ ಭಾರತದ ಬಡತನವನ್ನು ಹೊರದೇಶಗಳಿಗೆ ರಫ್ತು ಮಾಡುತ್ತಿದ್ದಾರೆ ಎಂದು ಆಪಾದಿಸಿದರು. ಆ ವರ್ಷ ಪತ್ರಿಕೆಯೊಂದಕ್ಕೆ ನೀಡಿದ ಸಂದರ್ಶನದಲ್ಲೂ ಅದನ್ನೇ ಹೇಳಿದರು. ಹಾಗಾದರೆ ತೋರಿಸಬೇಕಾದ ಆಧುನಿಕ ಭಾರತ ಯಾವುದು ಎಂದು ಕೇಳಿದಾಗ ಅವರು ಕೊಟ್ಟ ಉತ್ತರ, ಅಣೆಕಟ್ಟುಗಳು. ಅವರ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದದ್ದು ಅದಕ್ಕೂ ಕಾಲು ಶತಮಾನ ಮೊದಲು, 1955ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’.

ಈ ಆರೋಪವನ್ನು ನಕ್ಕು ತಳ್ಳಿಹಾಕುವುದು ಸುಲಭ. ಸಿನಿಮಾ ಬಲ್ಲವರು ಆಗಿನಿಂದ ಅದನ್ನೇ ಮಾಡುತ್ತ ಬಂದಿದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ನರ್ಗಿಸ್ ಹೃದಯವಿಲ್ಲದವರಲ್ಲ, ಅಂಗವಿಕಲ ಮಕ್ಕಳ ಸೇವಾಸಂಸ್ಥೆಯ ಜತೆ ನಿಂತು ದುಡಿದವರು. ಮನೆಯ ಮರ್ಯಾದೆ ಬೀದಿಗೆ ಬರಬಾರದು ಎಂಬ ಅವರ ಆತಂಕ ಪ್ರಾಮಾಣಿಕವಾಗಿತ್ತು. ಆದ್ದರಿಂದ ಆ ಪ್ರಶ್ನೆಯನ್ನು ಗೌರವದಿಂದ ಎತ್ತಿಕೊಂಡು ಚಿತ್ರದ ಮುಂದೆಯೇ ಇಟ್ಟು ನೋಡೋಣ.

ಚಿತ್ರ ತಯಾರಾದ ಕಥೆ ಹಲವರಿಗೆ ಗೊತ್ತು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ. ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದ ರೇ, ಅದರ ಮಕ್ಕಳ ಸಂಗ್ರಹ ಆವೃತ್ತಿಗೆ ರೇಖಾಚಿತ್ರ ಬಿಡಿಸುತ್ತಿರುವಾಗಲೇ ಇದು ಸಿನಿಮಾ ಆಗಬಲ್ಲದು ಎಂದುಕೊಂಡರು. 1950ರಲ್ಲಿ ಲಂಡನ್ನಿನಲ್ಲಿ ಡಿ ಸಿಕಾರ ‘ಬೈಸಿಕಲ್ ಥೀವ್ಸ್’ ನೋಡಿದ ಮೇಲೆ ಆ ಆಸೆ ಗಟ್ಟಿಯಾಯಿತು. 1952ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾದಾಗ ನಿರ್ದೇಶಕರಿಗೆ ನಿರ್ದೇಶನದ ಅನುಭವವಿರಲಿಲ್ಲ. ಇಪ್ಪತ್ತೊಂದರ ಆಸುಪಾಸಿನ ಛಾಯಾಗ್ರಾಹಕ ಸುಬ್ರತ ಮಿತ್ರರಿಗೆ ಸಿನಿಮಾ ಕ್ಯಾಮೆರಾ ಹಿಡಿದ ಅನುಭವವಿರಲಿಲ್ಲ. ವಿಮಾ ಪಾಲಿಸಿಯ ಮೇಲೆ ಸಾಲ ಎತ್ತಿದ್ದಾಯಿತು, ಗ್ರಾಮಫೋನ್ ತಟ್ಟೆಗಳನ್ನು ಮಾರಿದ್ದಾಯಿತು, ಹೆಂಡತಿಯ ಒಡವೆ ಅಡವಿಟ್ಟದ್ದಾಯಿತು. ದುಡ್ಡು ಮುಗಿದಾಗ ಕೆಲಸ ನಿಂತಿತು. ಕೊನೆಗೆ ಮುಖ್ಯಮಂತ್ರಿ ಬಿಧಾನ್‌ಚಂದ್ರ ರಾಯ್ ಅವರ ಪಶ್ಚಿಮ ಬಂಗಾಳ ಸರಕಾರ ಹಣ ಕೊಟ್ಟಿತು. ಚಿತ್ರದ ಹೆಸರಿನಲ್ಲಿ ‘ದಾರಿ’ ಇದ್ದುದರಿಂದ ಲೆಕ್ಕದಲ್ಲಿ ಅದನ್ನು ರಸ್ತೆ ಸುಧಾರಣೆಯ ಬಾಬತ್ತಿಗೆ ಬರೆದರಂತೆ ಎಂಬ ಮಾತು ಈಗ ದಂತಕಥೆಯೇ ಆಗಿದೆ.

ನಮ್ಮ ವಾದಕ್ಕೆ ಬೇಕಾದ ಸಂಗತಿ ಇಲ್ಲಿದೆ. ಹಣ ಕೊಡುವಾಗ ಸರಕಾರದ ಕಡೆಯಿಂದ ಒಂದು ಸಲಹೆ ಬಂದಿತ್ತು: ಮುಕ್ತಾಯ ಬದಲಾಗಲಿ, ಹಳ್ಳಿಯ ಅಭಿವೃದ್ಧಿ ಯೋಜನೆಯಿಂದ ಈ ಕುಟುಂಬ ಉದ್ಧಾರವಾಗುವಂತೆ ತೋರಿಸಲಿ ಎಂದು. ರೇ ಒಪ್ಪಲಿಲ್ಲ. ಎಂದರೆ ನರ್ಗಿಸರ ಆಕ್ಷೇಪ ಚಿತ್ರ ಮುಗಿಯುವ ಮೊದಲೇ ಹುಟ್ಟಿತ್ತು. ಬಡತನ ಇರಲಿ, ಆದರೆ ಅದರ ಪಕ್ಕದಲ್ಲೇ ಒಂದು ಅಣೆಕಟ್ಟೂ ಇರಲಿ!

ಇಲ್ಲಿ ನರ್ಗಿಸರ ‘ಮದರ್ ಇಂಡಿಯಾ’ ನೆನಪಾಗದೆ ಇರದು. ಮೆಹಬೂಬ್ ಖಾನರ ಆ ಚಿತ್ರ 1957ರಲ್ಲಿ ಬಂತು. ಅದರಲ್ಲಿ ಬಡತನ ಕಡಿಮೆಯೇ? ಸಾಲಗಾರ ಸುಖೀಲಾಲನ ದುರಾಸೆ ಇದೆ, ನೆರೆ ಇದೆ, ಹಸಿವಿನಿಂದ ಸಾಯುವ ಕೂಸಿದೆ. ಆ ಚಿತ್ರವೂ ಹೊರದೇಶಗಳಿಗೆ ಹೋಯಿತು, ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು. ಅದನ್ನು ಬಡತನದ ರಫ್ತು ಎಂದು ದೂರಿದ್ದು ನಾವು ಕೇಳಿಲ್ಲ. ಕಾರಣ ಸ್ಪಷ್ಟ: ಆ ಚಿತ್ರ ಆರಂಭವಾಗುವುದೇ ವೃದ್ಧೆ ರಾಧಾಳ ಕೈಯಿಂದ ಕಾಲುವೆಯ ಉದ್ಘಾಟನೆ ಮಾಡಿಸುವುದರೊಂದಿಗೆ. ಅಲ್ಲಿ ನಾವು ಕಾಣುವ ಸಂಕಟವೆಲ್ಲ ಕಳೆದುಹೋದ ಕಾಲದ್ದು, ನೀರು ಬಂದಾಗಿದೆ. ಹಾಗಾದರೆ ತಕರಾರು ಇದ್ದದ್ದು ಬಡತನವನ್ನು ತೋರಿಸಿದ್ದಕ್ಕಲ್ಲ, ಸಮಾಧಾನ ಹೇಳದೆ ತೋರಿಸಿದ್ದಕ್ಕೆ.

ಇನ್ನು ಚಿತ್ರದೊಳಗೆ ಹೋಗೋಣ. ನಾವು ಅದನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ನೆರೆಮನೆಯ ಟೀವಿಯಲ್ಲಿ, ದೂರದರ್ಶನದ ಕೃಪೆಯಿಂದ. ಆಗ ನಮಗೆ ಬಂಗಾಳಿ ಬಾರದು, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಹಿಡಿಯಲೂ ಬಾರದು. ಆದರೂ ಎದ್ದು ಬರಲಾಗಲಿಲ್ಲ. ಬೆನ್ನು ಬಾಗಿದ, ಹಲ್ಲಿಲ್ಲದ ಆ ಮುದುಕಿ ಇಂದಿರ್ ಠಾಕ್ರೂಣ್ ನಮ್ಮ ಮನೆಗಳ ಮೂಲೆಯಲ್ಲಿ ಚಾಪೆ ಹಾಸಿಕೊಂಡಿರುವ ಫೂಫಿಯೇ ಆಗಿದ್ದಳು. ತಂದೆಯ ಕಡೆಯ ಸಂಬಂಧ, ತನ್ನದೆನ್ನುವ ಮನೆಯಿಲ್ಲ, ಮನೆಯೊಡತಿಯ ಮುಖ ನೋಡಿ ಊಟಕ್ಕೆ ಕೂರಬೇಕು. ಆ ಪಾತ್ರ ವಹಿಸಿದ ಚುನಿಬಾಲಾ ದೇವಿ ಎಂಬತ್ತರ ಆಸುಪಾಸಿನ ಹಳೆಯ ರಂಗನಟಿ; ಚಿತ್ರ ತೆರೆಕಾಣುವ ಮೊದಲೇ ತೀರಿಕೊಂಡರು.

ಊರಿನ ಹೆಸರು ನಿಶ್ಚಿಂದಿಪುರ, ಚಿಂತೆಯಿಲ್ಲದ ಊರು! ಹರಿಹರ ಪೌರೋಹಿತ್ಯ ಮಾಡಿಕೊಂಡಿರುವವನು, ನಾಟಕ ಕವಿತೆ ಬರೆಯುವ ಕನಸಿನವನು. ದುಡಿದ ಸಂಬಳದ ಬಾಕಿಯನ್ನು ಕೇಳಲೂ ಅವನಿಗೆ ಸಂಕೋಚ. ಅವನ ಹೆಂಡತಿ ಸರ್ವಜಯಾ. ಮಕ್ಕಳು ದುರ್ಗಾ ಮತ್ತು ಅಪು. ಹಿರಿಯರ ಕಾಲದ ತೋಟ ಸಾಲದ ಲೆಕ್ಕದಲ್ಲಿ ನೆರೆಮನೆಯವರ ಪಾಲಾಗಿದೆ. ದುರ್ಗಾ ಅದೇ ತೋಟದಿಂದ ಹಣ್ಣು ಕದ್ದು ತಂದು ಮುದುಕಿಗೆ ಕೊಡುತ್ತಾಳೆ. ನೆರೆಯವಳ ದೃಷ್ಟಿಯಲ್ಲಿ ಅದು ಕಳ್ಳತನ. ಮಗುವಿನ ದೃಷ್ಟಿಯಲ್ಲಿ?

ಒಂದು ದಿನ ನೆರೆಮನೆಯ ಹುಡುಗಿಯ ಮಣಿಸರ ಕಾಣೆಯಾಗುತ್ತದೆ. ದುರ್ಗಾಳ ಮೇಲೆ ಆರೋಪ ಬರುತ್ತದೆ. ಅವಳು ಇಲ್ಲವೆನ್ನುತ್ತಾಳೆ. ನೆರೆಯವಳು ಅಂಗಳದಲ್ಲಿ ನಿಂತು ತಾಯಿಯ ಸಾಕಣೆಯನ್ನೇ ಹೀಯಾಳಿಸಿ ಹೋಗುತ್ತಾಳೆ. ಸರ್ವಜಯಾ ಮಗಳ ಕೂದಲು ಹಿಡಿದು ಎಳೆದು ಬಾಗಿಲಾಚೆ ದೂಡುತ್ತಾಳೆ. ಆಮೇಲೆ ಕುಸಿದು ಅಳುತ್ತಾಳೆ. ಈ ಹೊಡೆತ ಕಳ್ಳತನಕ್ಕಾಗಿ ಬಿದ್ದದ್ದಲ್ಲ, ಹೊರಗಿನವರ ಕಣ್ಣಿಗೆ ಬಿದ್ದದ್ದಕ್ಕಾಗಿ. ಗಂಡ ತಿಂಗಳುಗಟ್ಟಲೆ ಊರಲ್ಲಿಲ್ಲದಾಗ ಮನೆಯ ಪಾತ್ರೆಗಳನ್ನು ಮಾರುವ ಈ ಹೆಂಗಸು, ತನ್ನ ಸ್ಥಿತಿ ಯಾರಿಗೂ ತಿಳಿಯದಿರಲಿ ಎಂದು ಹೆಣಗುತ್ತಾಳೆ. ನರ್ಗಿಸರ ಆತಂಕ, ನಮ್ಮ ಮೊಹಲ್ಲಾದ ಹಿರಿಯರ ಆತಂಕ ಚಿತ್ರದೊಳಗೇ ಇದೆ. ಅದು ಸರ್ವಜಯಾಳ ಆತಂಕ. ರೇ ಅದನ್ನು ಗೇಲಿ ಮಾಡುವುದಿಲ್ಲ. ಅದಕ್ಕೆ ಬೆಲೆ ತೆರುವವರು ಯಾರು ಎಂಬುದನ್ನು ಮಾತ್ರ ತೋರಿಸುತ್ತಾರೆ. ಮೊದಲ ಬೆಲೆ ದುರ್ಗಾಳದ್ದು. ಇನ್ನೊಂದು ಮುದುಕಿಯದ್ದು. ಕೊನೆಯ ಸಲ ಬಂದು ಇಲ್ಲೇ ಇರುತ್ತೇನೆಂದು ಅಂಗಲಾಚುವ ಇಂದಿರ್‌ಗೆ ಸರ್ವಜಯಾ ನೀರನ್ನೂ ತಾನಾಗಿ ಕೊಡುವುದಿಲ್ಲ. ಮುದುಕಿ ತಾನೇ ತೆಗೆದುಕೊಂಡು ಕುಡಿದು, ಉಳಿದ ನೀರನ್ನು ಗಿಡವೊಂದರ ಬುಡಕ್ಕೆ ಚೆಲ್ಲಿ ಹೊರಡುತ್ತಾಳೆ. ಕಾಶಹುಲ್ಲಿನ ಬಯಲಿನಲ್ಲಿ ಮೊದಲ ಬಾರಿಗೆ ರೈಲು ನೋಡಿ ಹಿಗ್ಗಿನಿಂದ ಮರಳುವ ಮಕ್ಕಳಿಗೆ ಬಿದಿರುಮೆಳೆಯಲ್ಲಿ ಎದುರಾಗುವುದು ಅವಳ ಹೆಣ.

ಮಳೆಯಲ್ಲಿ ನೆನೆದ ದುರ್ಗಾ ಜ್ವರ ಬಂದು, ಬಿರುಗಾಳಿಯ ರಾತ್ರಿಯಲ್ಲಿ ತೀರಿಕೊಳ್ಳುತ್ತಾಳೆ. ಹರಿಹರ ಮರಳಿ ಬಂದು, ಏನೂ ತಿಳಿಯದೆ, ಮಗಳಿಗೆಂದು ತಂದ ಸೀರೆಯನ್ನು ತೆಗೆದು ತೋರಿಸುವಾಗ ಸರ್ವಜಯಾಳ ತಡೆದ ದುಃಖ ಒಡೆಯುತ್ತದೆ. ಅವಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರರ ಸಂಗೀತದ ತಾರ್ ಶಹನಾಯಿ ಕೇಳಿಸುತ್ತದೆ. ದುಃಖವನ್ನು ಮಾರುವ ಉದ್ದೇಶದವರು ಇಂಥ ಹೊತ್ತಿನಲ್ಲಿ ಆಕ್ರಂದನವನ್ನು ಕೈಬಿಡುತ್ತಾರೆಯೇ? ರೇ ಇಲ್ಲಿ ಒಂದು ತಾಯಿಯ ಗೋಳಿಗೆ ಸೆರಗು ಹೊದಿಸಿದ್ದಾರೆ.

ಅಪುವಿನ ವಿಷಯಕ್ಕೆ ಬರೋಣ. ಹುಡುಗ ದೊಡ್ಡವನಾಗುವ ಕಥೆ ಇದು ಎನ್ನುತ್ತಾರೆ. ಎಲ್ಲಿ ಅವನು ದೊಡ್ಡವನಾಗುತ್ತಾನೆ? ಚಿತ್ರದ ಬಹುಭಾಗ ಅವನು ಅಕ್ಕನ ಹಿಂದೆ ಓಡುವ ಎರಡು ಕಣ್ಣುಗಳು ಮಾತ್ರ. ಅವನನ್ನು ನಾವು ಮೊದಲು ಕಾಣುವುದೇ ಹರಿದ ಹೊದಿಕೆಯ ತೂತಿನಲ್ಲಿ ತೆರೆದ ಒಂದು ಕಣ್ಣಾಗಿ. ಅಕ್ಕ ಸತ್ತ ಮೇಲೆ ಒಂದು ಬೆಳಿಗ್ಗೆ ಅವನು ಒಬ್ಬನೇ ಹಲ್ಲುಜ್ಜುತ್ತಾನೆ, ತಾನೇ ತಲೆ ಬಾಚಿಕೊಳ್ಳುತ್ತಾನೆ, ಹೊರಟವನು ಆಕಾಶ ನೋಡಿ ಒಳಗೆ ಬಂದು ಕೊಡೆ ಹಿಡಿದು ಹೊರಡುತ್ತಾನೆ. ಒಂದು ಮಾತಿಲ್ಲ. ಇನ್ನು ಇವನಿಗೆ ಕೊಡೆ ನೆನಪಿಸುವವರಿಲ್ಲ ಎಂಬುದು ನಮಗೆ ತಿಳಿಯುತ್ತದೆ.

ಆದರೆ ನಿಜವಾಗಿ ಅವನು ದೊಡ್ಡವನಾಗುವ ಗಳಿಗೆ ಊರು ಬಿಡುವ ಹೊತ್ತಿನಲ್ಲಿದೆ. ಸಾಮಾನು ಕಟ್ಟುವಾಗ ಮೇಲಿನ ಹಲಗೆಯಲ್ಲಿದ್ದ ಒಂದು ಚಿಪ್ಪು ಅವನ ಕೈಗೆ ಸಿಗುತ್ತದೆ. ಅದರೊಳಗೆ ಜೇಡ, ಅದರ ಜತೆ ಆ ಮಣಿಸರ. ಅಕ್ಕ ಕದ್ದಿದ್ದಳು. ಹೊಡೆಸಿಕೊಂಡಳು, ಇಲ್ಲವೆಂದಳು, ಆದರೂ ಕದ್ದಿದ್ದಳು. ಅಪು ಓಡಿಹೋಗಿ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಪಾಚಿ ಒಂದು ಕ್ಷಣ ಬಾಯಿ ತೆರೆದು ಮತ್ತೆ ಮೆಲ್ಲಗೆ ಕೂಡಿಕೊಳ್ಳುತ್ತದೆ. ಅವನು ತಾಯಿಗೂ ಹೇಳುವುದಿಲ್ಲ.

ಉರ್ದುವಿನಲ್ಲಿ ಇದಕ್ಕೊಂದು ಮಾತಿದೆ: ಪರ್ದಾಪೋಷಿ. ಇನ್ನೊಬ್ಬರ ಐಬನ್ನು, ಕುಂದನ್ನು ಕಂಡೂ ಅದರ ಮೇಲೆ ಬಟ್ಟೆ ಮುಚ್ಚುವುದು. ನಮ್ಮ ಹಿರಿಯರು ಇದನ್ನು ದೊಡ್ಡ ಗುಣವೆಂದು ಕಲಿಸಿದ್ದಾರೆ, ಅದು ದೊಡ್ಡ ಗುಣವೇ ಹೌದು. ಅಪು ಅದನ್ನು ಯಾರೂ ಕಲಿಸದೆ ಮಾಡುತ್ತಾನೆ. ಆದರೆ ಗಮನಿಸಿ, ಅವನು ಮುಚ್ಚಿದ್ದು ಏನನ್ನು? ಏನೂ ಇಲ್ಲದ ಹುಡುಗಿಯೊಬ್ಬಳ ಚಿಕ್ಕ ಆಸೆಯನ್ನು. ಸತ್ತವಳ ಹೆಸರು ಕೆಡದಿರಲಿ ಎಂದು ಮುಚ್ಚಿದ. ತೋಟ ಕಳೆದುಕೊಂಡದ್ದನ್ನು, ಸಂಬಳ ಬಾಕಿ ಉಳಿದದ್ದನ್ನು, ಜ್ವರದ ಮಗುವಿರುವ ಮನೆಯ ಬಾಗಿಲು ಗಾಳಿಯನ್ನು ತಡೆಯಲಾರದಷ್ಟು ಜೀರ್ಣವಾದದ್ದನ್ನು ರೇ ಮುಚ್ಚಲಿಲ್ಲ. ಅವು ಯಾರ ಐಬೂ ಅಲ್ಲ. ಅವಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ: ಝುಲ್ಮ್, ಅನ್ಯಾಯ. ಐಬನ್ನು ಮುಚ್ಚಬೇಕು, ಝುಲ್ಮನ್ನು ತೋರಿಸಬೇಕು. ಎಡವಟ್ಟಾಗುವುದು ಇವೆರಡನ್ನೂ ಒಂದೇ ಎಂದು ತಿಳಿದಾಗ. ಹಸಿವು ಹಸಿದವನ ಐಬು ಎಂದು ಒಮ್ಮೆ ಒಪ್ಪಿಕೊಂಡರೆ, ಅದನ್ನು ತೋರಿಸುವವನು ಮಾನಗೇಡಿಯಾಗುತ್ತಾನೆ. ಹಸಿವಿಗೆ ಕಾರಣನಾದವನು ಗೌರವಸ್ಥನಾಗಿ ಉಳಿಯುತ್ತಾನೆ. ‘ಬಡತನದ ರಫ್ತು’ ಎಂಬ ಮಾತಿನ ಬುಡದಲ್ಲಿ ಇರುವ ತಪ್ಪು ಇದು.

ಹಾಗೆಂದು ಆರೋಪಿಸಿದವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆವು. ಚಿತ್ರವನ್ನು ಹೊರಗಿನವರು ಸ್ವೀಕರಿಸಿದ ರೀತಿಯನ್ನು ನೋಡಿ. ಕಲ್ಕತ್ತೆಗಿಂತ ಮೊದಲು, 1955ರ ಮೇ ತಿಂಗಳಲ್ಲಿ, ಅದು ಪ್ರದರ್ಶನಗೊಂಡದ್ದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. 1956ರ ಕಾನ್ ಉತ್ಸವದಲ್ಲಿ ಮೊದಲ ಪ್ರದರ್ಶನಕ್ಕೆ ಬಂದವರೇ ಕಡಿಮೆ. ಮೆಚ್ಚಿದ ಕೆಲವು ವಿಮರ್ಶಕರ ಒತ್ತಾಯದಿಂದ ಮತ್ತೆ ತೋರಿಸಬೇಕಾಯಿತು. ಕೊನೆಗೆ ಸಿಕ್ಕ ಬಹುಮಾನದ ಹೆಸರು ‘ಅತ್ಯುತ್ತಮ ಮಾನವೀಯ ದಾಖಲೆ’. ಗೌರವ ದೊಡ್ಡದು, ಆದರೆ ‘ದಾಖಲೆ’ ಎಂಬ ಪದ ನಮ್ಮನ್ನು ಚುಚ್ಚುತ್ತದೆ. ದಾಖಲೆ ಎಂದರೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡ ಕಾಗದ. ಕಾಶ್ಮೀರದ ಬನ್ಸಿ ಚಂದ್ರಗುಪ್ತ ಒಂದು ಪಾಳು ಮನೆಯನ್ನು ಚಿತ್ರಕ್ಕಾಗಿ ಸಿದ್ಧಗೊಳಿಸಿದ್ದು, ದುಲಾಲ್ ದತ್ತ ಕತ್ತರಿ ಹಿಡಿದು ಜೋಡಿಸಿದ್ದು, ಮಿಠಾಯಿಯವನ ಹಿಂದೆ ದುರ್ಗಾ, ಅಪು, ನಾಯಿ ಸಾಲಾಗಿ ಸಾಗುವುದನ್ನು ಕೊಳದ ನೀರಿನಲ್ಲಿ ತಲೆಕೆಳಗಾಗಿ ತೋರಿಸಿದ್ದು ಇವೆಲ್ಲ ದಾಖಲೆಯೇ? ಅದು ಕಲೆ. ಯುರೋಪಿನ ಬಡವನ ಚಿತ್ರ ಕಲೆಯಾಗುತ್ತದೆ, ನಮ್ಮ ಬಡವನ ಚಿತ್ರ ಮಾತ್ರ ದಾಖಲೆಯಾಗುತ್ತದೆ! 1958ರಲ್ಲಿ ನ್ಯೂಯಾರ್ಕ್ ಟೈಮ್ಸಿನ ವಿಮರ್ಶಕ ಬೊಸ್ಲಿ ಕ್ರೌಥರ್ ಚಿತ್ರದ ಕಟ್ಟು ಸಡಿಲ, ನಡೆ ಮಂದ ಎಂದು ಗೊಣಗಿದ್ದೂ ಉಂಟು. ಆದರೂ ಆ ನಗರದ ಪ್ರೇಕ್ಷಕರು ತಿಂಗಳುಗಟ್ಟಲೆ ಅದನ್ನು ನೋಡಿದರು.

ನೋಡುವ ಕಣ್ಣಿನ ದೋಷ ತೋರಿಸುವವನ ದೋಷವಲ್ಲ. ಕಲ್ಕತ್ತೆಯಲ್ಲಿ ಚಿತ್ರ ತೆರೆಕಂಡದ್ದು 1955ರ ಆಗಸ್ಟ್ 26ರಂದು. ಮೊದಮೊದಲು ಮಂದವಾಗಿದ್ದು ಆಮೇಲೆ ಮಂದಿರಗಳು ತುಂಬಿದವು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು. ಬೋರಾಲ್ ಎಂಬ ಹಳ್ಳಿಯ ಮನೆಯಲ್ಲಿ, ಬಂಗಾಳಿ ಮಾತಿನಲ್ಲಿ, ಬಂಗಾಳದ ಸರಕಾರದ ದುಡ್ಡಿನಲ್ಲಿ ತಯಾರಾದ ಚಿತ್ರವನ್ನು ಮೊದಲು ತಮ್ಮದಾಗಿಸಿಕೊಂಡವರು ಅದರಲ್ಲಿ ತಮ್ಮ ಅಕ್ಕನನ್ನು, ತಮ್ಮ ಮುದುಕಿಯನ್ನು ಕಂಡ ಜನ.

ನಮ್ಮ ನಾಡಿಗೂ ಈ ಕಥೆ ಪರಕೀಯವಲ್ಲ. 1977ರಲ್ಲಿ ಗಿರೀಶ್ ಕಾಸರವಳ್ಳಿ ಅನಂತಮೂರ್ತಿಯವರ ಕಥೆಯಿಂದ ಮಾಡಿದ ‘ಘಟಶ್ರಾದ್ಧ’ದಲ್ಲೂ ಒಬ್ಬ ಹುಡುಗನಿದ್ದಾನೆ, ನಾಣಿ. ವೇದಪಾಠಶಾಲೆಯ ಆ ಮಗು ಬಸುರಿಯಾದ ವಿಧವೆ ಯಮುನಕ್ಕನ ಗುಟ್ಟಿಗೆ ಕಾವಲು ನಿಲ್ಲುತ್ತಾನೆ. ಊರಿನ ದೊಡ್ಡವರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಮಾಡುವಾಗ, ಅವಳ ಮಾನ ಕಾಯಲು ಹೆಣಗಿದವನು ಆ ಮಗು ಒಬ್ಬನೇ. ಅಲ್ಲಿಯೂ ಮಗು ಮುಚ್ಚುತ್ತದೆ, ಕಲಾವಿದ ತೋರಿಸುತ್ತಾನೆ. ಎರಡರ ಉದ್ದೇಶವೂ ಒಂದೇ. 2022ರಲ್ಲಿ ಫಿಪ್ರೆಸ್ಕಿಯ ಭಾರತೀಯ ವಿಭಾಗ ಭಾರತದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿದಾಗ ‘ಪಥೇರ್ ಪಾಂಚಾಲಿ’ ಮೊದಲನೆಯದಾಯಿತು, ‘ಘಟಶ್ರಾದ್ಧ’ ಐದನೆಯದು. ನಮ್ಮವರೇ ಆದ ಸಾರಾ ಅಬೂಬಕ್ಕರ್ 1980ರ ದಶಕದಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಕೇಳಬೇಕಾಗಿ ಬಂದ ಬೈಗುಳದ ಸಾರವೂ ಇದೇ: ಮನೆಯ ಮಾತನ್ನು ಬೀದಿಗೆ ತಂದಳು. ಆ ಕಾದಂಬರಿಯ ನಾದಿರಾ ಯಾರ ಐಬು? ಅವಳಿಗಾದದ್ದು ಝುಲ್ಮ್.

ಅಪುವಿನ ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಯಲ್ಲಿ ಸುಟ್ಟು ಹಾಳಾಯಿತು. ವರ್ಷಗಳ ನಂತರ ಇಟಲಿಯ ಬೊಲೋನ್ಯದಲ್ಲಿ ಕುಶಲಕರ್ಮಿಗಳು ಉಳಿದ ಸುರುಳಿಗಳನ್ನು ಕೈಯಿಂದ ದುರಸ್ತಿ ಮಾಡಿದರು. 2015ರಲ್ಲಿ ಚಿತ್ರ ಮತ್ತೆ ಹೊಸದಾಗಿ ಬೆಳಕು ಕಂಡಿತು. ನಾಚಿಕೆಯ ವಸ್ತುವೆಂದು ಹೇಳಲಾದ ಚಿತ್ರವನ್ನು ಜಗತ್ತು ಹೀಗೆ ಬೆಂಕಿಯಿಂದ ಆಯ್ದುಕೊಂಡು ಕಾಪಾಡಿದೆ.

ಆ ದಿನದ ಮಾತಿನ ಕೊನೆಯನ್ನು ಹೇಳದಿದ್ದರೆ ನಮ್ಮ ಹಿರಿಯರಿಗೆ ಅನ್ಯಾಯವಾದೀತು. ಚಹಾ ಮುಗಿಸಿ ನಾವು ಏಳುವಾಗ ಅವರು, “ಆ ಹೆಂಗಸಿನ ಮನೆ ಯಾವುದು?” ಎಂದು ಕೇಳಿದರು. ಅದು ಕಥೆ, ಅಂಥ ಮನೆ ಒಂದೇ ಅಲ್ಲ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಥೆಗೆ ಅಕ್ಕಿ ಕಳಿಸೋಕಾಗಲ್ಲವಲ್ಲ ಬೇಟಾ” ಎಂದರು. ಕನ್ನಡದಲ್ಲಿ ಯಾಕೆ ಬರೆದೆ ಎಂಬ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಮುಂದಿನ ರಮಝಾನಿನಲ್ಲಿ ಅವರ ಮೊಮ್ಮಗ ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು, ಕತ್ತಲಾದ ಮೇಲೆ, ಗಲ್ಲಿಯೊಳಗೆ ಹೋಗುವುದನ್ನು ಕಂಡೆವು. ಯಾವ ಮನೆಗೆ ಎಂದು ನಾವೂ ಕೇಳಲಿಲ್ಲ.